ವಿಆರ್‌ಎಯೋ ಓಪನ್‌ಟೋಫುವೋ: ಶಿರಸಿಯಲ್ಲಿ ಕೂತು ಸರ್ವರ್ ಎಬ್ಬಿಸುವವನ ಲೆಕ್ಕ

ಬೇಕಾದ ಸರ್ವರನ್ನು ತಾನಾಗಿ ಎಬ್ಬಿಸಿಕೊಡುವ ಸಾಧನಗಳು ವಿಆರ್‌ಎ ಮತ್ತು ಓಪನ್‌ಟೋಫು; ಮೊದಲನೆಯದರ ಕೆಲಸ ವೆಬ್ ಪುಟದಲ್ಲಿ, ಎರಡನೆಯದರದ್ದು ಫೈಲಿನಲ್ಲಿ ಬರೆದು. ಮೊದಲೇ ಹೇಳಿಬಿಡ್ತೇನೆ, ನನ್ನ ಓಟು ಓಪನ್‌ಟೋಫುಗೆ. ಬೆಂಗಳೂರಿನ ಒಬ್ಬ ದೊಡ್ಡ ಗಿರಾಕಿಗೆ ವಿಎಂವೇರ್ ಕಂಪನಿಯ ವಿರಿಯಲೈಸ್ ಆಟೊಮೇಶನ್ 7ರಲ್ಲಿ, ಅಂದರೆ ವಿಆರ್‌ಎಯಲ್ಲಿ, ಕೆಲಸ ಮಾಡಿಕೊಟ್ಟಿದ್ದೇನೆ. ಶಿರಸಿ, ಕುಮಟಾ ಕಡೆಯ ಸಣ್ಣ ಗಿರಾಕಿಗಳ ಸರ್ವರು, ಕಂಟೇನರು (ಆ್ಯಪನ್ನು ಅದಕ್ಕೆ ಬೇಕಾದ್ದರ ಜೊತೆ ಕಟ್ಟಿಟ್ಟ ಪೊಟ್ಟಣ) ಎಲ್ಲ ಓಪನ್‌ಟೋಫುವಿನಲ್ಲೇ. ಯಾವುದರಲ್ಲಿ ಏನೇನಿದೆ ಎಂಬ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಬಿಡಿ. ನನ್ನ ತಕರಾರು ಕಸ್ಟಮ್ ಪ್ರಾಪರ್ಟಿಗಳದ್ದು, ಅಂದರೆ ಮಷೀನು ಹೇಗಿರಬೇಕು ಅಂತ ನಾವು ಬರೆದುಕೊಡುವ ಹೆಸರು-ಮೌಲ್ಯಗಳದ್ದು.

ವಿಆರ್‌ಎ 7ರಲ್ಲಿ ಪ್ರಾಪರ್ಟಿಯ ಹೆಸರಿಗೆ ದೊಡ್ಡಕ್ಷರ, ಚಿಕ್ಕಕ್ಷರದ ಭೇದ ಉಂಟು. ಮಷೀನಿಗೆ ಬೇಕಾದ ಹೆಸರಿಡಲು 'ಹೋಸ್ಟ್‌ನೇಮ್' ಎಂಬ ಪ್ರಾಪರ್ಟಿ ಇದೆ. ಅದರ ಮೊದಲ ಅಕ್ಷರವನ್ನು ಚಿಕ್ಕದಾಗಿ ಬರೆದರೆ ತಪ್ಪು ಅಂತ ಯಾರೂ ಹೇಳುವುದಿಲ್ಲ. ಹೊಸದೊಂದು ಪ್ರಾಪರ್ಟಿ ಇರಬೇಕು ಅಂದುಕೊಂಡು ಅದನ್ನು ಹಾಗೇ ಇಟ್ಟುಕೊಳ್ಳುತ್ತದೆ. ಮಷೀನು ಸುಸೂತ್ರವಾಗಿ ಏಳುತ್ತದೆ, ಹೆಸರು ಮಾತ್ರ ನಾವಿಟ್ಟದ್ದಲ್ಲ, ಮೊದಲೇ ಗೊತ್ತುಮಾಡಿದ ಪ್ರಿಫಿಕ್ಸಿನಿಂದ ತಾನಾಗಿ ಹುಟ್ಟಿದ್ದು. ನನಗಿಂತ ಮೊದಲು ಯಾರೋ ಬರೆದಿಟ್ಟ ಬ್ಲೂಪ್ರಿಂಟ್‌ನಲ್ಲಿ, ಅಂದರೆ ಮಷೀನಿನ ನಕ್ಷೆಯಲ್ಲಿ, ಇಂಥದ್ದೇ ಒಂದು ಕೂತಿತ್ತು.

ಅದು ಸಿಕ್ಕ ಮೇಲೂ ಪೀಕಲಾಟ ಮುಗಿಯಲಿಲ್ಲ. ಒಂದೇ ಪ್ರಾಪರ್ಟಿಯನ್ನು ಪ್ರಾಪರ್ಟಿ ಗ್ರೂಪಿನಲ್ಲಿ ಇಡಬಹುದು, ಬ್ಲೂಪ್ರಿಂಟ್‌ನಲ್ಲಿ ಇಡಬಹುದು, ಬಿಸಿನೆಸ್ ಗ್ರೂಪಿನಲ್ಲೂ (ಬಳಸುವವರ ತಂಡ) ರಿಸರ್ವೇಶನ್ನಿನಲ್ಲೂ (ಆ ತಂಡಕ್ಕೆ ಮೀಸಲಿಟ್ಟ ಪಾಲು) ಇಡಬಹುದು. ಬ್ಲೂಪ್ರಿಂಟ್‌ನಲ್ಲಿ ತಿದ್ದಿದ್ದನ್ನು ಬಿಸಿನೆಸ್ ಗ್ರೂಪಿನ ಮೌಲ್ಯ ಅಳಿಸಿಹಾಕುತ್ತದೆ. ಯಾರು ಗೆದ್ದರು ಅಂತ ತಿಳಿಯಬೇಕಾದರೆ ಎದ್ದ ಮಷೀನಿನ ಪ್ರಾಪರ್ಟಿಗಳನ್ನು ತೆರೆದು ನೋಡಬೇಕು. ಕೂಡು ಕುಟುಂಬದಲ್ಲಿ ತೋಟದ ತೀರ್ಮಾನ ಯಾರದ್ದು ಅಂತ ಹುಡುಕಿದ ಹಾಗೆ, ಮಾರಾಯ್ರೆ!

ಓಪನ್‌ಟೋಫುವಿನಲ್ಲಿ ಇಂಥ ಮೌಲ್ಯ ಕೊಡುವುದು ವೇರಿಯಬಲ್ ಮೂಲಕ. ಅದನ್ನು ಮೊದಲು ಘೋಷಿಸಬೇಕು, ಜೊತೆಗೆ ಟೈಪು (ಅಂಕಿಯೋ ಅಕ್ಷರವೋ ಎಂಬುದು) ಮತ್ತು ವ್ಯಾಲಿಡೇಶನ್ನು (ಮೌಲ್ಯ ಸರಿಯೇ ಎಂಬ ತಪಾಸಣೆ) ಬರೆಯಬಹುದು. ಕಮಾಂಡ್ ಲೈನಿನಲ್ಲಿ ಘೋಷಿಸದ ಹೆಸರು ಕೊಟ್ಟರೆ ಎರರ್. ಮೌಲ್ಯಗಳನ್ನಿಡುವ ಟಿಎಫ್‌ವಾರ್ಸ್ ಫೈಲಿನಲ್ಲಿ ಕೊಟ್ಟರೆ ಎಚ್ಚರಿಕೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಇಟ್ಟ ಮೌಲ್ಯ) ಕೊಟ್ಟರೆ ಇದೂ ತುಟಿ ಪಿಟಕ್ಕೆನ್ನುವುದಿಲ್ಲ, ಅದಕ್ಕೇ ಆ ದಾರಿಗೆ ನಾನು ಹೋಗುವುದಿಲ್ಲ.

ಓಪನ್‌ಟೋಫುವಿನಲ್ಲಿ ಕಂಟೇನರಿಗೂ ವಿಎಂಗೂ (ವರ್ಚುವಲ್ ಮಷೀನು) ಒಂದೇ ಬರವಣಿಗೆ, ಅವುಗಳ ಜೊತೆ ಮಾತಾಡುವ ಪ್ಲಗಿನ್, ಅಂದರೆ ಪ್ರೊವೈಡರ್, ಬೇರೆ ಅಷ್ಟೆ.

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ನೆಟ್ಟು ಹೋದರೆ ವಿಆರ್‌ಎಯ ವೆಬ್ ಪುಟ ತೆರೆಯುವುದೇ ಇಲ್ಲ. ಟೋಫು ಫೈಲುಗಳು ಲ್ಯಾಪ್‌ಟಾಪಿನಲ್ಲೇ ಇರುತ್ತವೆ. ಒಮ್ಮೆ ಇನಿಟ್ (ಬೇಕಾದ ಪ್ರೊವೈಡರುಗಳನ್ನು ಇಳಿಸಿಕೊಳ್ಳುವ ಹೆಜ್ಜೆ) ಆಗಿದ್ದರೆ ವ್ಯಾಲಿಡೇಟ್ ಮಾಡಲು, ಅಂದರೆ ಬರೆದದ್ದು ಸರಿಯೇ ಅಂತ ನೋಡಲು, ನೆಟ್ಟೂ ಬೇಡ. ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ.

ದುಡ್ಡಿನ ಮಾತು: ಇದೇ ಕೆಲಸದ ಟೆರಾಫಾರ್ಮ್ ಎಂಬ ಸಾಧನದ ಲೈಸೆನ್ಸ್ 2023ರ ಆಗಸ್ಟ್‌ನಲ್ಲಿ ಬದಲಾದ ಮೇಲೆ ಅದರಿಂದ ಕವಲೊಡೆದು ಲಿನಕ್ಸ್ ಫೌಂಡೇಶನ್ ನೆರಳಿಗೆ ಬಂದದ್ದು ಓಪನ್‌ಟೋಫು. ಪುಕ್ಕಟೆ. ಬ್ರಾಡ್‌ಕಾಮ್ ಕಂಪನಿಯ ಕೈಸೇರಿದ ಮೇಲೆ ವಿಎಂವೇರ್ ಹೊಸ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿದೆ, ಈಗ ಚಂದಾ ಮಾತ್ರ. ನನ್ನ ಗಿರಾಕಿಗಳ ಮುಂದೆ ಆ ಮಾತೆತ್ತುವ ಹಾಗೇ ಇಲ್ಲ.

ಆದರೂ ನೂರಾರು ಜನ ಫಾರಂ ತುಂಬಿ ಸರ್ವರ್ ಕೇಳುವ, ಮೇಲಿನವರ ಒಪ್ಪಿಗೆ ಬೇಕಾಗುವ ಕಡೆ ವಿಆರ್‌ಎಯೇ ಸರಿ. ಪ್ರಾಪರ್ಟಿ ಡೆಫಿನಿಶನ್ ಬಳಸಿ ಡ್ರಾಪ್‌ಡೌನ್ (ಆರಿಸಿಕೊಳ್ಳುವ ಪಟ್ಟಿ) ಮಾಡಿಕೊಟ್ಟರೆ ಮೌಲ್ಯವನ್ನು ಬೆರಳಚ್ಚು ಮಾಡುವ ರಗಳೆಯೇ ಇಲ್ಲ. ವಿಆರ್‌ಎಯ ಆವೃತ್ತಿ 8ರಲ್ಲಿ ಬ್ಲೂಪ್ರಿಂಟ್ ಥರದ ಟೆಂಪ್ಲೇಟುಗಳು ಯಾಮಲ್ ಎಂಬ ಸರಳ ಪಠ್ಯ ರೂಪಕ್ಕೆ ಬಂದಿವೆ, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇಡಲು ಸಲೀಸು. ಆ ಬೆಂಗಳೂರು ಗಿರಾಕಿ ಇನ್ನೂ 7ರಲ್ಲೇ ಇದ್ದಾರೆ.