ವರ್ಚುವಲ್‌ಬಾಕ್ಸ್: ತಂತ್ರಾಂಶಕ್ಕೆ ಪೂರ್ತಿ ಅಂಕ, ಪರವಾನಗಿಗೆ ಅರ್ಧ

ತೆರಿಗೆ ಸಲಹೆಗಾರರ ಸಣ್ಣ ಕಚೇರಿಯೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಎಲ್ಲದರಲ್ಲೂ ಇರುವುದು ವಿಂಡೋಸ್ ಅಲ್ಲ, ಉಬುಂಟು ಎಂಬ ಲಿನಕ್ಸ್. ಆದರೆ ಡಿಜಿಟಲ್ ಸಹಿಯ ನಮ್ಮ ಯುಎಸ್‌ಬಿ ಟೋಕನ್ ವಿಂಡೋಸನ್ನೇ ಬಯಸುತ್ತದೆ, ರಿಟರ್ನ್ ತಯಾರಿಸುವ ತಂತ್ರಾಂಶ ತನಗೆ ಒಪ್ಪುವ ಜಾವಾವನ್ನೇ ಕೇಳುತ್ತದೆ. ಇವೆರಡರ ಹಟಕ್ಕಾಗಿ ವರ್ಷಗಳಿಂದ ವರ್ಚುವಲ್‌ಬಾಕ್ಸ್‌ನೊಳಗೆ, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ತೋರಿಕೆಯ ಕಂಪ್ಯೂಟರ್ ನಡೆಸುವ ತಂತ್ರಾಂಶದೊಳಗೆ, ಒಂದು ವಿಂಡೋಸ್ ಸಾಕಿಕೊಂಡಿದ್ದೇನೆ.

ವೇಗ, ಮೆಮೊರಿಯ ಲೆಕ್ಕ ನಿಮಗೆ ಎಲ್ಲಾದರೂ ಸಿಗುತ್ತದೆ. ನನಗೆ ಪ್ರಿಯವಾದದ್ದು ಸ್ನ್ಯಾಪ್‌ಶಾಟ್, ಅಂದರೆ ಒಳಗಿನ ಕಂಪ್ಯೂಟರ್ ಆ ಕ್ಷಣ ಇದ್ದ ಸ್ಥಿತಿಯನ್ನು ಹಾಗೇ ಉಳಿಸಿಟ್ಟು ಬೇಕೆಂದಾಗ ಅದಕ್ಕೇ ಮರಳುವ ಸೌಲಭ್ಯ. ಬೆಳಿಗ್ಗೆ ಕೆಳಪಟ್ಟಿಯ ಯುಎಸ್‌ಬಿ ಚಿತ್ರ ಒತ್ತಿ ಟೋಕನ್ನನ್ನು ಒಳಗೆ ಕಳುಹಿಸುತ್ತೇನೆ. ಕೆಲಸ ಮುಗಿದ ಮೇಲೆ ಫೈಲುಗಳನ್ನು ಹಂಚಿಕೆಯ ಫೋಲ್ಡರಿಗೆ ಹಾಕಿ, ಕಿಟಕಿ ಮುಚ್ಚುವಾಗ ಸ್ನ್ಯಾಪ್‌ಶಾಟಿಗೆ ಮರಳುವ ಚೌಕಕ್ಕೆ ಗುರುತು ಹಾಕುತ್ತೇನೆ. ಹಗಲೆಲ್ಲ ಯಾರು ಏನೇ ಕಸ ಇಳಿಸಿಕೊಂಡಿರಲಿ, ಮರುದಿನ ವಿಂಡೋಸ್ ಆಗತಾನೇ ಸಾರಿಸಿದ ಅಂಗಳ. ಜಾವಾ ಬದಲಿಸುವ ಮುನ್ನ ಬಲಗಡೆಯ ಕಂಟ್ರೋಲ್ ಹಿಡಿದು ಟಿ ಒತ್ತಿದರೆ ಹೊಸ ಸ್ನ್ಯಾಪ್‌ಶಾಟ್ ಸಿದ್ಧ. ಆಮೇಲೆ ಏನು ಕೆಟ್ಟರೂ ಚಿಂತೆಯಿಲ್ಲ.

‘ಕಚೇರಿಯಲ್ಲಿ ಬಳಸುವುದಕ್ಕೂ ಇದು ಪುಕ್ಕಟೆಯೇನಪ್ಪಾ?’ ಎಂದು ನಮ್ಮ ಸಾಹೇಬರು ಕೇಳಿದಾಗ ಮಾತ್ರ ಒಂದೇ ಮಾತಿನ ಉತ್ತರ ಇರಲಿಲ್ಲ. 2010ರ ಕೊನೆಯಲ್ಲಿ ಬಂದ 4.0 ಆವೃತ್ತಿಯಿಂದ ಇದು ಎರಡು ತುಂಡು. ಮೂಲ ತಂತ್ರಾಂಶ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಇದೆ. ಕಚೇರಿಯಾಗಲಿ ಕಾರ್ಖಾನೆಯಾಗಲಿ, ಎಷ್ಟು ಯಂತ್ರಗಳಲ್ಲಿ ಬೇಕಾದರೂ ಬಳಸಬಹುದು. ಎರಡನೆಯ ತುಂಡು, ಹೆಚ್ಚುವರಿ ಸೌಲಭ್ಯಗಳನ್ನು ಸೇರಿಸುವ ಎಕ್ಸ್‌ಟೆನ್ಷನ್ ಪ್ಯಾಕ್, ಹಾಗಲ್ಲ. ಅದು ವಾಣಿಜ್ಯೇತರ ಸ್ವಂತ ಬಳಕೆಗೆ, ಕಲಿಕೆಗೆ, ಪರೀಕ್ಷಿಸಿ ನೋಡುವುದಕ್ಕೆ ಮಾತ್ರ ಉಚಿತ. ಕಚೇರಿಯ ಕೆಲಸಕ್ಕೆ ದುಡ್ಡು ತೆರಬೇಕು. ಇಳಿಸಿಕೊಳ್ಳುವುದಂತೂ ಎರಡೂ ಒಂದೇ ಸಲೀಸು, ಹಣದ ಮಾತೇ ಬರುವುದಿಲ್ಲ!

ಇನ್ನೊಂದು ಕಿರಿಕಿರಿ ಹಳೆಯದು. ದೊಡ್ಡ ಕಂಪನಿಯ ಕಂಪ್ಯೂಟರಿನಲ್ಲಿ ನೀವೇ ಹಾಕಿಕೊಂಡರೂ ಅದು ಸ್ವಂತ ಬಳಕೆಯೇ, 500 ಮೇಜುಗಳಿಗೆ ಹಂಚಿದರೆ ಮಾತ್ರ ಅಲ್ಲ ಎಂದು ವರ್ಚುವಲ್‌ಬಾಕ್ಸ್‌ನವರದೇ ಪ್ರಶ್ನೋತ್ತರ ಪುಟ ಒಂದು ಕಾಲಕ್ಕೆ ಹೇಳುತ್ತಿತ್ತು. ಆ ಉದಾರತೆ ಹೋಯಿತು. ಅದನ್ನು ನಂಬಿ ಬರೆದ ಸಲಹೆಗಳು ಅಂತರಜಾಲದಲ್ಲಿ ಇನ್ನೂ ಓಡಾಡುತ್ತಿವೆ. ಇದರ ಜೊತೆಗೆ ಗೆಸ್ಟ್ ಅಡಿಷನ್ಸ್ ಎಂಬ ಇನ್ನೊಂದು ಹೆಸರು ಬೇರೆ! ಹಂಚಿಕೆಯ ಫೋಲ್ಡರಿಗೆ ಬೇಕಾದ ಅದು ಮೂಲ ತಂತ್ರಾಂಶದ ಜೊತೆಗೇ ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ.

2022ರ 7.0 ಬಂದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಯುಎಸ್‌ಬಿ 2 ಮತ್ತು 3 ಮೂಲ ತಂತ್ರಾಂಶದೊಳಗೇ ಬಂದವು. ನಮ್ಮಂಥ ಕಚೇರಿಗೆ ಪ್ಯಾಕ್ ಬೇಕಾಗುತ್ತಿದ್ದ ದೊಡ್ಡ ಕಾರಣವೇ ಅದು. ಪ್ಯಾಕ್‌ನಲ್ಲಿ ಉಳಿದವುಗಳಲ್ಲಿ ನನಗೆ ಆಸೆ ಹುಟ್ಟಿಸಿದ್ದು ಡಿಸ್ಕ್ ಗೂಢಲಿಪೀಕರಣ; ಕಕ್ಷಿದಾರರ ಪ್ಯಾನ್ ವಿವರಗಳೆಲ್ಲ ಒಳಗಿವೆಯಲ್ಲ. ಉಬುಂಟು ಅನುಸ್ಥಾಪನೆಯಲ್ಲೇ ಇಡೀ ಡಿಸ್ಕನ್ನು ಗೂಢಲಿಪಿಗೆ ಒಪ್ಪಿಸಿ ಆ ಖರ್ಚನ್ನೂ ಉಳಿಸಿದೆ. ದುಡ್ಡು ಕೊಟ್ಟದ್ದು ಒಳಗಿನ ವಿಂಡೋಸ್‌ಗೆ ಮಾತ್ರ. ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸ್ ಪರವಾನಗಿ ಆ ಲ್ಯಾಪ್‌ಟಾಪಿಗೇ ಅಂಟಿಕೊಂಡದ್ದು, ಇಲ್ಲಿಗೆ ನಡೆಯುವುದಿಲ್ಲ.

2024ರ ನವೆಂಬರಿನಿಂದ ಇಂಥದೇ ಇನ್ನೊಂದು ತಂತ್ರಾಂಶ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ವಾಣಿಜ್ಯ ಬಳಕೆಗೂ ಉಚಿತವಾಗಿದೆ, ಅತ್ತ ಹೋಗಬಾರದೇ ಎನ್ನುವವರಿದ್ದಾರೆ. ಅದೇ ವರ್ಷದ ಆರಂಭದಲ್ಲಿ ವಿಎಂವೇರ್‌ನದೇ ಸರ್ವರ್ ತಂತ್ರಾಂಶವಾದ ಇಎಸ್‌ಎಕ್ಸ್‌ಐನ ಉಚಿತ ಆವೃತ್ತಿ ನಿಂತುಹೋಗಿತ್ತು, 2025ರಲ್ಲಿ ಮತ್ತೆ ಬಂತು. ಹೀಗೆ ಬಂದು ಹೋಗುವ ಪುಕ್ಕಟೆಯನ್ನು ನೆಚ್ಚಿ ರಿಟರ್ನ್ ಸಲ್ಲಿಸುವ ತಿಂಗಳಲ್ಲಿ ಯಂತ್ರ ಬದಲಿಸುವ ಧೈರ್ಯ ನನಗಿಲ್ಲ. ಪ್ಯಾಕ್ ಇಲ್ಲದ ವರ್ಚುವಲ್‌ಬಾಕ್ಸ್ ನಮ್ಮಲ್ಲೇ ಇರುತ್ತದೆ.