ಮೂರು ಮಳೆಗಾಲ ಕಂಡ ಮನೆ ಸರ್ವರ್: ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ ಬಳಸಿದ ಅನುಭವ

2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಎಸ್‌.ಪಿ. ರೋಡಿನಿಂದ 14,500 ರೂಪಾಯಿಗೆ ಒಂದು ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ ತಂದೆ. ಯಾವುದೋ ಆಫೀಸಿನವರು ಲೀಸ್ ಮುಗಿದ ಮೇಲೆ ಹಿಂದಿರುಗಿಸಿದ ಮಾಲು. ಇಂಟೆಲ್ ಐ5-8500ಟಿ ಪ್ರೊಸೆಸರ್, 16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ನೋಡಲಿಕ್ಕೆ ದಪ್ಪದೊಂದು ನಿಘಂಟಿನಷ್ಟು. 4 ಟಿಬಿಯ ಎರಡು ಯುಎಸ್‌ಬಿ ಹಾರ್ಡ್‌ಡಿಸ್ಕ್ ಸೇರಿ ಒಟ್ಟು ಖರ್ಚು 33 ಸಾವಿರದ ಹತ್ತಿರ ಬಂತು. ಅಂದಿನಿಂದ ಅದು ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯ ಕಪಾಟಿನಲ್ಲಿ ಕೂತು, ಮನೆಯವರ ಫೋಟೋ, ಹಾಡು, ವಿಡಿಯೊಗಳನ್ನು ಇಟ್ಟುಕೊಂಡು ಫೋನು, ಟಿವಿಗೆ ಒದಗಿಸುತ್ತ ಹಗಲೂ ರಾತ್ರಿ ಓಡುತ್ತಿದೆ. ನನ್ನ ನೌಕರಿ ಶಿವಮೊಗ್ಗದಲ್ಲಿ, ಊರಿಗೆ ಬರುವುದು ಶನಿವಾರ. ಹಾಗಾಗಿ ಸರ್ವರ್ ನನ್ನದಾದರೂ ಅದನ್ನು ನೋಡಿಕೊಳ್ಳುವವರು ಅಮ್ಮ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮನೆಯಲ್ಲಿ ಸರ್ವರ್ ಇಡುವುದೆಂದರೆ ಹಸು ಕಟ್ಟಿದ ಹಾಗೆ. ಹಾಲು ಮನೆಯದೇ, ಹೌದು. ಆದರೆ ಕೊಟ್ಟಿಗೆಗೆ ಹೋಗುವವರು ಒಬ್ಬರಾದರೂ ಬೇಕು.

ಯಾಕೆ ತಂದೆ ಅಂದರೆ, ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಉಳಿದ ಉಚಿತ 15 ಜಿಬಿ ಎಷ್ಟು ದಿನ? ಮನೆಯಲ್ಲಿ ನಾಲ್ಕು ಫೋನು, ಎಲ್ಲರಿಗೂ ಯಕ್ಷಗಾನದ ವಿಡಿಯೊ ಮಾಡುವ ಹುಚ್ಚು. ಆಗ 2 ಟಿಬಿ ಪ್ಲಾನ್‌ಗೆ ವರ್ಷಕ್ಕೆ 6,500 ರೂಪಾಯಿ ಇತ್ತು. ಐದು ವರ್ಷಕ್ಕೆ ಸರ್ವರೇ ಬರುತ್ತದಲ್ಲ ಅಂತ ನನ್ನ ಲೆಕ್ಕಾಚಾರ. ಲೆಕ್ಕ ತಪ್ಪಿರಲಿಲ್ಲ, ನನ್ನ ಭಾನುವಾರಗಳ ಬೆಲೆ ಹಿಡಿಯುವುದು ಮಾತ್ರ ಮರೆತಿದ್ದೆ.

ಒಳಗೆ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇದೆ. ಅದರ ಮೇಲೆ ಫೋಟೋಗೆ ಇಮಿಚ್, ಹಾಡು ವಿಡಿಯೊಗೆ ಜೆಲ್ಲಿಫಿನ್, ಫೈಲ್ ಹಂಚಿಕೊಳ್ಳಲಿಕ್ಕೆ ಸಾಂಬಾ. ಎಲ್ಲ ಉಚಿತ ತಂತ್ರಾಂಶಗಳೇ. ಜೆಲ್ಲಿಫಿನ್‌ನಿಂದ ಅತಿ ಹೆಚ್ಚು ಲಾಭ ಆದದ್ದು ಅಪ್ಪಯ್ಯನಿಗೆ. ಅಟ್ಟದ ಮೇಲೆ ಒಂದು ಟ್ರಂಕಿನ ತುಂಬ ಕ್ಯಾಸೆಟ್ ಇತ್ತು: ಯಕ್ಷಗಾನ ಭಾಗವತ ಕಾಳಿಂಗ ನಾವಡರ ಪದ, ಶೇಣಿಯವರ ಅರ್ಥ (ತಾಳಮದ್ದಲೆಯ ಮಾತುಗಾರಿಕೆ), ಯಾರೋ ಮದುವೆಮನೆಯ ತಾಳಮದ್ದಲೆ. ಹಳೇ ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಒಂದೊಂದೇ ಕಂಪ್ಯೂಟರಿಗೆ ಇಳಿಸಿದೆ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಅವಸರ ಮಾಡುವ ದಾರಿಯಿಲ್ಲ. ಒಂದು ಮಗ್ಗುಲು ಕುಗ್ಗಿಸದ ವೇವ್ ಫೈಲಾದರೆ 450 ಎಂಬಿ ದಾಟುತ್ತದೆ, ದನಿ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧ. ಸಿನಿಮಾ ಆದರೆ ಜೆಲ್ಲಿಫಿನ್ ತಾನೇ ಪೋಸ್ಟರ್, ವಿವರ ಎಲ್ಲ ಹುಡುಕಿ ಹಾಕುತ್ತದೆ. 'ಕರ್ಣಪರ್ವ, ಎರಡನೇ ಮಗ್ಗುಲು' ಅಂದರೆ ಅದಕ್ಕೇನು ಗೊತ್ತು? ಫೋಲ್ಡರ್ ಹೆಸರೆಲ್ಲ ಕನ್ನಡದಲ್ಲೇ ಬರೆದೆ, ಎಲ್ಲೂ ಅಕ್ಷರ ಒಡೆಯಲಿಲ್ಲ. ಈಗ ಅಪ್ಪಯ್ಯ ಸಂಜೆ ಟಿವಿ ರಿಮೋಟಿನಲ್ಲೇ ಬೇಕಾದ ಪ್ರಸಂಗ ಹಾಕಿಕೊಳ್ಳುತ್ತಾರೆ.

ಇಮಿಚ್ ಒಳ್ಳೆಯ ತಂತ್ರಾಂಶ. ಫೋನಿನಿಂದ ಫೋಟೋ ತಾನಾಗಿ ಎಳೆದುಕೊಳ್ಳುತ್ತದೆ, ಮುಖ ಗುರುತಿಸುತ್ತದೆ. ಅಜ್ಜಿಯ 40 ವರ್ಷ ಹಿಂದಿನ ಫೋಟೋವನ್ನೂ ಈಗಿನದನ್ನೂ ಒಂದೇ ಹೆಸರಿನಡಿ ತಂದು ಕೂರಿಸಿದಾಗ ಮನೆಯವರೆಲ್ಲ ಸುತ್ತ ನಿಂತು ನೋಡಿದ್ದೆವು. ಹುಡುಕಾಟಕ್ಕೆ ಅದು ಮೊದಲು ಕೊಡುವ, ಫೋಟೋದಲ್ಲಿ ಏನಿದೆ ಅಂತ ಗುರುತಿಸುವ ಎಐ ಮಾಡೆಲ್‌ಗೆ ಇಂಗ್ಲಿಷ್ ಮಾತ್ರ ಅರ್ಥವಾಗುತ್ತದೆ. ಸೆಟಿಂಗ್ಸ್‌ನಲ್ಲಿ ಬಹುಭಾಷಾ ಮಾಡೆಲ್ ಹಾಕಿಕೊಂಡರೆ ಕನ್ನಡದಲ್ಲೂ ಹುಡುಕಬಹುದು. ರ‍್ಯಾಮ್ ಜಾಸ್ತಿ ತಿನ್ನುತ್ತದೆ, ಹಳೇ ಫೋಟೋಗಳನ್ನೆಲ್ಲ ಮತ್ತೆ ಓದಿಸಬೇಕು. 'ದೀಪ' ಅಂತ ಬರೆದರೆ ದೀಪಾವಳಿ ಬರುತ್ತದೆ, 'ಅಡಿಕೆ ಕೊಯ್ಲು' ಅಂದರೆ ತೆಂಗಿನಮರವೂ ಬರುತ್ತದೆ. ನಡೀತದೆ. ಒಮ್ಮೆ ಮಾತ್ರ ತಲೆ ಕೆಟ್ಟಿತ್ತು. 2023ರ ಡಿಸೆಂಬರ್‌ನಲ್ಲಿ ಬಂದ ಆವೃತ್ತಿಗೆ ಡೇಟಾಬೇಸ್ ಬದಲಿಸಿಕೊಳ್ಳಬೇಕು ಅಂತ ಇಮಿಚ್‌ನವರು ಸ್ಪಷ್ಟವಾಗಿ ಬರೆದಿದ್ದರು. ನಾನು ಓದದೆ ಆಟೋ-ಅಪ್‌ಡೇಟ್ ಬಿಟ್ಟಿದ್ದೆ. ಎರಡು ದಿನ ಫೋಟೋ ಕಾಣಲಿಲ್ಲ. ತಪ್ಪು ನನ್ನದೇ. 2025ರ ಅಕ್ಟೋಬರ್‌ನಲ್ಲಿ 2.0 ಬಂದ ಮೇಲೆ ಅಂಥ ಗಡಿಬಿಡಿ ನಾನು ಕಂಡಿಲ್ಲ. ಆದರೂ ಆಟೋ-ಅಪ್‌ಡೇಟ್ ಇನ್ನೂ ಬಂದ್.

ಎಲ್ಲರೂ ಮೊದಲು ಕೇಳುವುದು ಕರೆಂಟ್ ಬಿಲ್ಲಿನ ಬಗ್ಗೆ. ಪ್ಲಗ್ ಮೀಟರ್ ಇಟ್ಟು ನೋಡಿದೆ. ಸುಮ್ಮನೆ ಕೂತಾಗ ಪಿಸಿ 11-12 ವಾಟ್, ಡಿಸ್ಕ್ ಸೇರಿ 18. ತಿಂಗಳಿಗೆ 13 ಯೂನಿಟ್. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೂ 80ರ ಒಳಗೆ. ಗೃಹಜ್ಯೋತಿ ಇರುವವರು ಮಾತ್ರ ಸ್ವಲ್ಪ ನೋಡಿಕೊಳ್ಳಿ. 200 ಯೂನಿಟ್ ಎಂಬುದು ಮೇಲಿನ ಮಿತಿ ಅಷ್ಟೇ. ಉಚಿತ ಸಿಗುವುದು 2022-23ರ ನಿಮ್ಮ ಸರಾಸರಿಗೆ ಶೇ 10 ಸೇರಿಸಿದಷ್ಟು (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ 10ರ ಬದಲು 10 ಯೂನಿಟ್). ನಮ್ಮ ಸರಾಸರಿ 62, ಹಾಗಾಗಿ 68 ಯೂನಿಟ್ ಸಿಕ್ಕಿತು. ಆ ವರ್ಷ ಅಕ್ಟೋಬರ್‌ನಿಂದ ಸರ್ವರ್ ಓಡುತ್ತಿದ್ದರಿಂದ ಸರಾಸರಿಯಲ್ಲಿ ಅದರ ಪಾಲೂ ಸೇರಿಕೊಂಡಿತ್ತು! ಈಗ ಹೊಸದಾಗಿ ಇಡುವವರಿಗೆ ಆ ಅದೃಷ್ಟವಿಲ್ಲ. ಅಂಚಿನಲ್ಲಿರುವವರಿಗೆ 13 ಯೂನಿಟ್ ಗೊತ್ತಾಗುತ್ತದೆ.

ಬಿಲ್ಲಿಗಿಂತ ದೊಡ್ಡ ತಲೆನೋವು ಕರೆಂಟ್ ಹೋಗುವುದು. ಮನೆಗೆ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದೆ. ಮೊದಲ ತಿಂಗಳು ಪ್ರತಿ ಸಲ ಕರೆಂಟ್ ಹೋದಾಗಲೂ ಪಿಸಿ ರೀಸ್ಟಾರ್ಟ್ ಆಗುತ್ತಿತ್ತು. ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಅಂತ. ಅದನ್ನು ಹಾಕಿದರೆ ಬ್ಯಾಟರಿಗೆ ಬದಲಾಗುವ ಹೊತ್ತು ಕಡಿಮೆಯಾಗುತ್ತದೆ. ಅದನ್ನು ಹಾಕಿದ ಮೇಲೆ ಆ ಕಾಟ ಹೋಯಿತು. ಹೊಸ ಯುಪಿಎಸ್ ತರುವ ಮೊದಲು ಆ ಸ್ವಿಚ್ ಹುಡುಕಿ. ಆದರೆ ಆಷಾಢದ ಗಾಳಿಮಳೆಗೆ ಲೈನಿನ ಮೇಲೆ ಮರ ಬಿತ್ತೆಂದರೆ ಎರಡು ಮೂರು ದಿನ ಕರೆಂಟಿಲ್ಲ. ಸರ್ವರ್, ಡಿಸ್ಕ್, ರೂಟರ್ ಸೇರಿ 30 ವಾಟ್ ಅಂದರೆ ದಿನಕ್ಕೆ 720 ವಾಟ್-ಅವರ್. ಬ್ಯಾಟರಿಯಲ್ಲಿ ಕಾಗದದ ಮೇಲೇ ಇರುವುದು 1,800. ಲೈಟೋ ಸರ್ವರೋ ಅಂತ ಬಂದಾಗ ಅಮ್ಮನ ತೀರ್ಮಾನದಲ್ಲಿ ಗೊಂದಲವಿಲ್ಲ.

2024ರ ಜುಲೈಯಲ್ಲಿ ಹೀಗೇ ಇನ್ವರ್ಟರ್ ಪೂರ್ತಿ ಬರಿದಾಯಿತು. ಮರುದಿನ ಸಂಜೆ ಕರೆಂಟ್ ಬಂತು, ಸರ್ವರ್ ಮಾತ್ರ ಬರಲಿಲ್ಲ. ಫೋನ್ ಮಾಡಿದೆ. "ತಮಾ, ಲೈಟ್ ಉರೀತಾ ಇದ್ದು, ಫೋಟೋ ಮಾತ್ರ ಬತ್ತಾ ಇಲ್ಲೆ" ಅಂದರು ಅಮ್ಮ. ಆಫ್ ಮಾಡಿ ಆನ್ ಮಾಡಿಸಿದೆ, ಅದೇ ಕಥೆ. ಶನಿವಾರ ಬಂದು ಟಿವಿಗೆ ಸಿಕ್ಕಿಸಿ ನೋಡಿದರೆ ಕಪ್ಪು ಪರದೆ ಮೇಲೆ ಒಂದು ಸಾಲು: ತಾರೀಕು ಸರಿಯಿಲ್ಲ, ಮುಂದುವರಿಯಲು ಎಫ್1 ಒತ್ತಿ. ಕೀಬೋರ್ಡೇ ಇಲ್ಲದ ಯಂತ್ರ ನಾಲ್ಕು ದಿನದಿಂದ ಯಾರಾದರೂ ಎಫ್1 ಒತ್ತುತ್ತಾರೆಂದು ಕಾಯುತ್ತಿತ್ತು. ಪಿಸಿಯ ಗಡಿಯಾರ ನಡೆಸುವ, ಮದರ್‌ಬೋರ್ಡಿನ ಮೇಲಿನ ಬಿಲ್ಲೆಯಂಥ ಸಿಆರ್2032 ಸೆಲ್ ಸತ್ತಿತ್ತು. ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ದಿನ ಅದು ಸತ್ತದ್ದು ಗೊತ್ತೇ ಆಗುವುದಿಲ್ಲ. ಸಾಗರದ ವಾಚ್ ರಿಪೇರಿ ಅಂಗಡಿಯಲ್ಲಿ 40 ರೂಪಾಯಿ. ಸೆಲ್ ಹಾಕಿದ ಮೇಲೆ ಬಯೋಸ್‌ಗೆ (ಪಿಸಿಯ ಮೂಲ ಸೆಟಿಂಗ್ಸ್‌ಗೆ) ಹೋಗಿ 'ಕರೆಂಟ್ ಬಂದರೆ ತಾನಾಗಿ ಆನ್ ಆಗು' ಎಂಬ ಆಯ್ಕೆ ಹಾಗೇ ಇದೆಯೇ ನೋಡಿಕೊಳ್ಳಬೇಕು, ಅದೂ ಅಳಿಸಿಹೋಗಿರಬಹುದು. ಹಳೇ ಪಿಸಿ ಕೊಂಡ ದಿನವೇ ಈ ಸೆಲ್ ಬದಲಿಸಿಬಿಡಿ.

ಅದೇ ನವೆಂಬರ್‌ನಲ್ಲಿ ಡಿಸ್ಕ್ ಹೋಯಿತು. ಮೊದಲು ಗೊತ್ತಾದದ್ದು ಅಪ್ಪಯ್ಯನಿಗೆ, ಪದ ಅರ್ಧಕ್ಕೆ ನಿಲ್ಲುತ್ತಿದೆ ಅಂತ. ಡಿಸ್ಕಿನ ಆರೋಗ್ಯದ ವರದಿ ತೆಗೆದು ನೋಡಿದರೆ 'ಕರೆಂಟ್ ಪೆಂಡಿಂಗ್ ಸೆಕ್ಟರ್' ನೂರು ದಾಟಿತ್ತು. (ಸದ್ಯ ಸರಿಯಾಗಿ ಓದಲಾಗದ ಡಿಸ್ಕಿನ ಜಾಗಗಳ ಲೆಕ್ಕ ಅದು. ಇಲ್ಲಿ ಕರೆಂಟ್ ಅಂದರೆ 'ಸದ್ಯ', ವಿದ್ಯುತ್ ಅಲ್ಲ, ನಮ್ಮ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಯಿತು.) ವಾರಂಟಿ ಇತ್ತು, ಕಂಪನಿಯವರು ಬೇರೆ ಡಿಸ್ಕ್ ಕೊಟ್ಟರು, ಒಳಗಿದ್ದದ್ದಕ್ಕೆ ವಾರಂಟಿಯಿಲ್ಲ. ಎರಡನೇ ಡಿಸ್ಕನ್ನು ನಾನು ಶಿವಮೊಗ್ಗದ ರೂಮಿನಲ್ಲಿ ಇಟ್ಟು, ತಿಂಗಳಿಗೊಮ್ಮೆ ತಂದು ನಕಲು ಮಾಡಿಕೊಳ್ಳುತ್ತಿದ್ದೆ. ಎರಡೂ ಒಂದೇ ಕಪಾಟಿನಲ್ಲಿದ್ದರೆ ಒಂದು ಸಿಡಿಲಿಗೆ ಎರಡೂ ಹೋಗುತ್ತವೆ ಅಂತ. 1.4 ಟಿಬಿ ವಾಪಸ್ ಬರಲು ಐದು ತಾಸು ಹಿಡಿಯಿತು. ನಡುವಿನ ಮೂರು ವಾರದ ಫೋಟೋಗಳು ಫೋನುಗಳಲ್ಲೇ ಇದ್ದವು, ಮತ್ತೆ ಹತ್ತಿಕೊಂಡವು. ಆ ಮೂರು ವಾರದಲ್ಲಿ ಇಳಿಸಿದ್ದ ಎರಡು ಕ್ಯಾಸೆಟ್ ಮಾತ್ರ ಇನ್ನೊಮ್ಮೆ ಓಡಿಸಬೇಕಾಯಿತು. ಒಂದು ಸರಿಯಾಗಿ ಬಂತು. ಮದುವೆಮನೆಯ ತಾಳಮದ್ದಲೆಯ ಟೇಪು ಹೆಡ್ಡಿಗೆ ಸುತ್ತಿಕೊಂಡು ಹರಿಯಿತು. ಅದರಲ್ಲಿ ಅಜ್ಜನ ದನಿಯೂ ಇತ್ತು. ಈಗ ನಕಲು ವಾರಕ್ಕೊಮ್ಮೆ.

ಮನೆಯ ಹೊರಗಿದ್ದಾಗ ಸರ್ವರ್‌ನಲ್ಲಿರುವುದನ್ನು ನೋಡುವ ವಿಷಯ: ನಮ್ಮ ಫೈಬರ್ ಕನೆಕ್ಷನ್‌ನಲ್ಲಿ ನೂರಾರು ಮನೆಗೆ ಒಂದೇ ಹೊರವಿಳಾಸ, ರೂಟರಿನಲ್ಲಿ 100.64ರಿಂದ ಶುರುವಾಗುವ ಐಪಿ ವಿಳಾಸ ಕಂಡರೆ ನಿಮ್ಮದೂ ಹಾಗೇ. ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಬಂದದ್ದನ್ನು ನೇರ ಸರ್ವರ್‌ಗೆ ಕಳಿಸುವಂತೆ ರೂಟರಿಗೆ ಹೇಳಿ, ಪ್ರಯೋಜನವಿಲ್ಲ. ಅದಕ್ಕೇ ಫೋನು, ಸರ್ವರ್ ಎರಡನ್ನೂ ಒಂದು ಖಾಸಗಿ ಜಾಲದಲ್ಲಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿಕೊಂಡೆ, ಹತ್ತು ನಿಮಿಷದ ಕೆಲಸ. ಜಾಹೀರಾತು ತಡೆಯಲಿಕ್ಕೆ ಆಡ್‌ಗಾರ್ಡ್ ಹೋಮ್ ಕೂಡ ಹಾಕಿದ್ದೆ. ಅದಿದ್ದರೆ ವೆಬ್‌ಸೈಟಿನ ವಿಳಾಸ ಹುಡುಕುವುದೆಲ್ಲ ಸರ್ವರ್ ಮೂಲಕ; ಸರ್ವರ್ ಬಿದ್ದರೆ ಇಡೀ ಮನೆಗೆ ನೆಟ್ ಇಲ್ಲ ಅಂತಾದ ಮೇಲೆ ತೆಗೆದೆ. ಯೂಟ್ಯೂಬ್ ಜಾಹೀರಾತಂತೂ ಅದರಿಂದ ನಿಲ್ಲುವುದೇ ಇಲ್ಲ.

ಈಗ ಕೊಳ್ಳುವುದಾದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ, 16 ಜಿಬಿ ಒಳಗೇ ಇರುವ ಪಿಸಿಯನ್ನೇ ಆರಿಸಿ. ಯಂತ್ರಕ್ಕೆ ನನ್ನ ಅಂಕ ಐದಕ್ಕೆ ನಾಲ್ಕೂವರೆ. ಮನೆಯಲ್ಲಿ ಯಾರೂ ಇಲ್ಲದವರು, ಅರ್ತಿಂಗ್ ಸರಿಯಿಲ್ಲದವರು ದುಡ್ಡು ಕೊಟ್ಟು ಕ್ಲೌಡಿನಲ್ಲೇ ಇಡಿ, ಅದರಲ್ಲಿ ಸಣ್ಣತನವೇನಿಲ್ಲ.

ಏಪ್ರಿಲ್-ಮೇ ತಿಂಗಳ ಗುಡುಗಿನ ಸಂಜೆಗಳಿಗೆಂದು ಕಪಾಟಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಬಟನ್ ಒಂದೇ ಸಲ ಒತ್ತುವುದು, ಲೈಟ್ ಆರುವ ತನಕ ಕಾಯುವುದು, ಆಮೇಲೆ ಎರಡೂ ಪ್ಲಗ್ ಕೀಳುವುದು. ಫೈಬರಿನ ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ, ಫೈಬರ್ ಬಂದು ಸೇರುವ ರೂಟರ್ ಡಬ್ಬಿಯ ಅಡಾಪ್ಟರಿನಲ್ಲಿ ಹರಿಯುತ್ತದೆ; ಅದಕ್ಕೇ ಸರ್ವರಿನದೂ ಅದರದೂ, ಎರಡೂ. ಕೆಳಗೆ ಅಮ್ಮ ಪೆನ್ಸಿಲಿನಲ್ಲಿ ತಮ್ಮದೊಂದು ಸಾಲು ಸೇರಿಸಿದ್ದಾರೆ: "ಲೈಟ್ ಆರದಿದ್ರೆ ತಮಂಗೆ ಫೋನ್ ಮಾಡದು. ಎತ್ತದಿದ್ರೆ ಪ್ಲಗ್ ಕಿತ್ತುಹಾಕದು."