ಕಬ್ಬಿಣದ ಬೋರ್ ನೀರಿಗೆ ಬ್ಲೀಚಿಂಗ್, ಯುವಿ, ಮರಳಿನ ಡ್ರಮ್: ಯಾವುದು ತಾಳಿತು?

ಬೋರ್ ನೀರು ಹಿಡಿದಾಗ ತಿಳಿಯಾಗಿದ್ದು ಒಂದೆರಡು ತಾಸಿನಲ್ಲಿ ಕೊಡದ ತಳ ಕೆಂಪಗಾದರೆ ಅದು ಕರಗಿದ ಕಬ್ಬಿಣ. ಹಿಡಿಯುವಾಗಲೇ ಕೆಂಪಗಿದ್ದರೆ ಮೊದಲು ಕೇಸಿಂಗ್ ಪೈಪಿನ ತುಕ್ಕು ನೋಡಿ. ಸಂಡೂರು ಕಡೆಯ ಮೊದಲ ಬಗೆಯ ನೀರಿಗೆ, ಲೀಟರಿಗೆ 3 ಮಿ.ಗ್ರಾಂ ಆಸುಪಾಸು ಕಬ್ಬಿಣವಿದ್ದಲ್ಲಿ, ಮೂರನ್ನೂ ಓಡಿಸಿ ನೋಡಿದೆವು.

ಟ್ಯಾಂಕಿಗೆ ನೇರವಾಗಿ ಬ್ಲೀಚಿಂಗ್ ಪೌಡರ್ ಹಾಕುವುದು ಅಗ್ಗ, ಆದರೆ ಲೆಕ್ಕ ಕೂಡುವುದಿಲ್ಲ. 1 ಮಿ.ಗ್ರಾಂ ಕಬ್ಬಿಣ ಸುಮಾರು 0.64 ಮಿ.ಗ್ರಾಂ ಕ್ಲೋರಿನ್ ನುಂಗುತ್ತದೆ. 1000 ಲೀಟರಿಗೆ 8 ಗ್ರಾಂ ಪೌಡರ್ ಹಾಕಿದರೆ, ಪೌಡರಿನಲ್ಲಿ ಶೇ 25 ಕ್ಲೋರಿನ್ ಎಂಬ ಲೆಕ್ಕದಲ್ಲಿ ಸಿಗುವುದು 2 ಗ್ರಾಂ. ಅದೆಲ್ಲ ಕಬ್ಬಿಣಕ್ಕೇ ಸರಿ, ಕ್ರಿಮಿ ಆರಾಮಾಗಿರುತ್ತವೆ. ನಲ್ಲಿಯಲ್ಲಿ ಕೆಂಪು ನೀರು ಬಂದು, ಮನೆಯವರು ಪೌಡರನ್ನು ಬೈದು ಹಾಕುವುದನ್ನೇ ಬಿಡುತ್ತಾರೆ.

ಯುವಿ, ಅಂದರೆ ನೇರಳಾತೀತ ಬೆಳಕಿನಿಂದ ಕ್ರಿಮಿ ಕೊಲ್ಲುವ ದೀಪ, ಇನ್ನೂ ಮೋಸ. ಕಬ್ಬಿಣ ಲೀಟರಿಗೆ 0.3 ಮಿ.ಗ್ರಾಂ ದಾಟಿದರೆ ದೀಪದ ಸುತ್ತಲಿನ ಗಾಜಿನ ಕೊಳವೆಗೆ ಕಂದು ಪೊರೆ ಕಟ್ಟುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ಬೆಳಕು ನೀರಿಗೆ ತಲುಪುವುದಿಲ್ಲ.

ತಾಳಿದ್ದು ಮರಳಿನ ಡ್ರಮ್. 2–3 ಮಿ.ಮೀ. ತೂತು ಕೊರೆದ ಪಿವಿಸಿ ಪೈಪಿನಿಂದ ನೀರು ಒಂದು ಮೀಟರ್ ಎತ್ತರದಿಂದ ಎಳೆ ಎಳೆಯಾಗಿ ಬೀಳಬೇಕು. ಗಾಳಿ ತಗುಲಿ ಕಬ್ಬಿಣ ಗಷ್ಟಾಗುತ್ತದೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7ಕ್ಕಿಂತ ಕಡಿಮೆಯಿದ್ದರೆ ಇದು ಬಹಳ ನಿಧಾನ. ತಾಸು ಹೊತ್ತು ತೊಟ್ಟಿಯಲ್ಲಿ ನಿಲ್ಲಿಸಿ 200 ಲೀಟರ್ ಡ್ರಮ್‌ಗೆ ಬಿಡಿ: ಕೆಳಗೆ 15 ಸೆಂ.ಮೀ. ಜಲ್ಲಿ, ಮೇಲೆ 45 ಸೆಂ.ಮೀ. ತೊಳೆದ ಮರಳು. ಹೊರಹೋಗುವ ಪೈಪನ್ನು ಮರಳಿನ ಮಟ್ಟಕ್ಕಿಂತ ತುಸು ಮೇಲೆ ಎತ್ತಿ ಕಟ್ಟಿದರೆ ಮರಳು ಒಣಗುವುದಿಲ್ಲ. ತಾಸಿಗೆ 200 ಲೀಟರ್ ಸಾಕು, ಅವಸರ ಮಾಡಿದರೆ ಕೆಂಪು ದಾಟುತ್ತದೆ. ಹೊಸ ಮರಳಿನಲ್ಲಿ ಮೊದಮೊದಲು ಸ್ವಲ್ಪ ಕೆಂಪು ಬಂದೇ ಬರುತ್ತದೆ. ಹರಿವು ಅರ್ಧಕ್ಕಿಳಿದಾಗ ಕೆಳಗಿನಿಂದ ನೀರು ನುಗ್ಗಿಸಿ ತೊಳೆಯಿರಿ.

ಬ್ಲೀಚಿಂಗ್ ಆಮೇಲೆ, ಸೋಸಿದ ನೀರಿಗೆ: 1000 ಲೀಟರಿಗೆ 4 ಗ್ರಾಂ, ಕಲಸಿ ಸುಣ್ಣ ಕೆಳಗಿಳಿದ ಮೇಲೆ ತಿಳಿ ಮಾತ್ರ. ಅರ್ಧ ತಾಸಿನ ನಂತರ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿದ ಕ್ಲೋರಿನ್ ಅಳೆಯಲು ಹಳದಿ ಬಣ್ಣ ತೋರಿಸುವ ಓಟಿ ಪರೀಕ್ಷೆಯನ್ನು ಇಲ್ಲಿ ನಂಬಬೇಡಿ. ಉಳಿದ ಕಬ್ಬಿಣವೂ ಹಳದಿ ತೋರಿಸುತ್ತದೆ. ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಪರೀಕ್ಷೆ ವಾಸಿ.

ರಾಯಚೂರು ಕಡೆ ಫ್ಲೋರೈಡ್ ಇದ್ದರೆ ಮರಳು ಏನೂ ಮಾಡದು, ಆರ್‌ಒ ಯಂತ್ರದಂಥದ್ದು ಇಡಬೇಕಾಗುತ್ತದೆ. ಕಬ್ಬಿಣವೂ ಇದ್ದರೆ ಅದಕ್ಕೂ ಮುಂಚೆ ಈ ಡ್ರಮ್ ಇರಲಿ, ಇಲ್ಲವಾದರೆ ಆರ್‌ಒದೊಳಗಿನ ಸೋಸುವ ಪೊರೆ (ಮೆಂಬ್ರೇನ್) ಕಟ್ಟಿಕೊಳ್ಳುತ್ತದೆ.